ಅಮೆರಿಕದಲ್ಲಿ ಥಿಯೇಟರ್ ಡಿಗ್ರಿ: ಖರ್ಚು ಎಷ್ಟು, ಕೈಗೆ ಬರುವುದು ಏನು? ಹೋಲಿಸಿ ನೋಡುವ ಬಗೆ

ನನ್ನ ಮಗಳಿಗೆ ಒಂದೇ ವಾರದಲ್ಲಿ ಎರಡು ಕಾಲೇಜುಗಳಿಂದ ಪತ್ರ ಬಂತು. ಎರಡರಲ್ಲೂ ನಾಟಕ ಓದಲು ಸೀಟು ಸಿಕ್ಕಿತ್ತು. ಒಂದು ಕಾಲೇಜು ವರ್ಷಕ್ಕೆ 40,000 ಡಾಲರ್ ಸ್ಕಾಲರ್‌ಶಿಪ್ ಕೊಡುತ್ತೇವೆ ಅಂದಿತ್ತು. ಇನ್ನೊಂದು ಬರೀ 4,000. ಮನೆಯಲ್ಲಿ ಎಲ್ಲರೂ ಮೊದಲನೆಯದರ ಕಡೆಗೇ ವಾಲಿದೆವು. ಆ ರಾತ್ರಿ ಪೆನ್ಸಿಲ್ ಹಿಡಿದು ನಾಲ್ಕು ವರ್ಷದ ಲೆಕ್ಕ ಹಾಕಿದೆ. 40,000 ಕೊಡುವ ಕಾಲೇಜೇ ಕೊನೆಗೆ ಸುಮಾರು 85,000 ಡಾಲರ್ ದುಬಾರಿ ಬೀಳುತ್ತದೆ ಅಂತ ಗೊತ್ತಾಯಿತು.

ಅಮೆರಿಕದಲ್ಲಿ ಥಿಯೇಟರ್ ಓದಬೇಕು ಅಂತ ಹೊರಟ ಮಕ್ಕಳಿಗೆ, ಅವರ ಅಪ್ಪ ಅಮ್ಮನಿಗೆ ಆ ಲೆಕ್ಕವನ್ನು ಹಂತ ಹಂತವಾಗಿ ತೋರಿಸುವುದು ನನ್ನ ಉದ್ದೇಶ. "ನಾಟಕ ಓದಿ ಏನು ಮಾಡ್ತೀಯ" ಅನ್ನುವ ಪ್ರಶ್ನೆ ನನ್ನದಲ್ಲ. ಓದಲಿ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾಟಕದ ಹಾದಿಯಲ್ಲಿ ಮೊದಲ ಐದಾರು ವರ್ಷ ದುಡ್ಡು ತುಂಡು ತುಂಡಾಗಿ ಬರುತ್ತದೆ. ಒಳ್ಳೆಯ ನಿರ್ದೇಶಕರೊಬ್ಬರು ಆರು ವಾರದ ಕೆಲಸಕ್ಕೆ ಕರೆಯುತ್ತಾರೆ, ಸಂಬಳ ಕಡಿಮೆ. ಆಗ "ಬರ್ತೀನಿ" ಅನ್ನಲು ಆಗಬೇಕಾದರೆ ತಲೆಯ ಮೇಲೆ ಸಾಲ ಕಡಿಮೆ ಇರಬೇಕು. ಹಾಗಾಗಿ ಸಾಲ ಕಡಿಮೆ ಇರುವುದನ್ನೂ ನಾನು ಓದಿನ ಫಲ ಅಂತಲೇ ಎಣಿಸುತ್ತೇನೆ. ಕೆಳಗಿನ ಲೆಕ್ಕವೆಲ್ಲ ಇದರ ಸುತ್ತಲೇ ಇದೆ.

1. ಮೊದಲು ಡಿಗ್ರಿಯ ಜಾತಿ ಗುರುತಿಸಿ

ಥಿಯೇಟರ್ ಡಿಗ್ರಿ ಅಂದರೆ ಒಂದೇ ಅಲ್ಲ. ಬಿಎ ಒಂದು, ಬಿಎಫ್‌ಎ (ಬ್ಯಾಚುಲರ್ ಆಫ್ ಫೈನ್ ಆರ್ಟ್ಸ್) ಇನ್ನೊಂದು. ಅಮೆರಿಕದಲ್ಲಿ ನಾಲ್ಕು ವರ್ಷದ ಡಿಗ್ರಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಬಿಎಫ್‌ಎಯಲ್ಲಿ ಅದರ ಸುಮಾರು ಮೂರರಲ್ಲಿ ಎರಡು ಪಾಲು ನಾಟಕಕ್ಕೇ ಹೋಗುತ್ತದೆ. ನಟನೆ, ಧ್ವನಿ, ದೇಹ, ರಂಗವಿನ್ಯಾಸ, ರಿಹರ್ಸಲ್. ಬಿಎಯಲ್ಲಿ ನಾಟಕದ ಪಾಲು ಸುಮಾರು ಮೂರನೇ ಒಂದು. ಉಳಿದದ್ದರಲ್ಲಿ ಇತಿಹಾಸ, ಕಂಪ್ಯೂಟರ್, ಅರ್ಥಶಾಸ್ತ್ರ, ಏನು ಬೇಕಾದರೂ ತೆಗೆದುಕೊಳ್ಳಬಹುದು. ಎರಡನೆಯ ಮೇಜರ್ (ಮುಖ್ಯ ವಿಷಯ) ಮಾಡಲೂ ಜಾಗ ಇರುತ್ತದೆ.

ಬಿಎಫ್‌ಎ ದೊಡ್ಡದು, ಬಿಎ ಚಿಕ್ಕದು ಅನ್ನುವ ಭಾವನೆ ತುಂಬಾ ಜನರಲ್ಲಿದೆ. ಅದು ಸರಿಯಲ್ಲ. ಹೆಸರಾಂತ ನಟಿ ಮೆರಿಲ್ ಸ್ಟ್ರೀಪ್ ವಾಸರ್ ಕಾಲೇಜಿನಲ್ಲಿ ಬಿಎ ಮಾಡಿ, ಆಮೇಲೆ ಯೇಲ್‌ನಲ್ಲಿ ಎಂಎಫ್‌ಎ (ಡಿಗ್ರಿಯ ನಂತರದ ಮಾಸ್ಟರ್ ಆಫ್ ಫೈನ್ ಆರ್ಟ್ಸ್) ಮಾಡಿದರು. ಇನ್ನೊಬ್ಬ ನಟಿ ವಯೋಲಾ ಡೇವಿಸ್ ರೋಡ್ ಐಲೆಂಡ್ ಕಾಲೇಜ್ ಅನ್ನುವ ಸರ್ಕಾರಿ ಕಾಲೇಜಿನಲ್ಲಿ ಥಿಯೇಟರ್ ಓದಿ, ಆಮೇಲೆ ನ್ಯೂಯಾರ್ಕ್‌ನ ಕಲಾಶಾಲೆ ಜೂಲಿಯಾರ್ಡ್‌ಗೆ ಹೋದರು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಥಿಯೇಟರ್‌ಗೆ ದೊಡ್ಡ ಹೆಸರು ಇದೆ, ಆದರೆ ಅಲ್ಲಿ ಸಿಗುವ ಡಿಗ್ರಿ ಬಿಎಫ್‌ಎ ಅಲ್ಲ. ಇನ್ನೊಂದು ಕಡೆ ಕಾರ್ನೆಗಿ ಮೆಲನ್ ಇದೆ. 1914ರಲ್ಲಿ ಶುರುವಾದ ಅದರ ಸ್ಕೂಲ್ ಆಫ್ ಡ್ರಾಮಾ ಅಮೆರಿಕದಲ್ಲಿ ನಾಟಕಕ್ಕೆ ಡಿಗ್ರಿ ಕೊಡಲು ಶುರು ಮಾಡಿದ ಮೊದಲ ಶಾಲೆ. ಅಲ್ಲಿಯದು ಬಿಎಫ್‌ಎ, ಬೆಳಗಿನಿಂದ ರಾತ್ರಿವರೆಗೆ ನಾಟಕವೇ.

ಶಾಲೆಯಲ್ಲಿ ನಾಟಕ ಕಲಿಸುವ ಟೀಚರ್ ಆಗಬೇಕು ಅನ್ನುವವರಿಗೆ ಥಿಯೇಟರ್ ಎಜುಕೇಶನ್ ಅಂತ ಬೇರೆಯೇ ದಾರಿ ಇದೆ. ಅದು ರಾಜ್ಯದ ಟೀಚಿಂಗ್ ಲೈಸೆನ್ಸ್‌ಗೆ ಕರೆದುಕೊಂಡು ಹೋಗುತ್ತದೆ. ಹಾಗಾಗಿ ಅದರ ಫಲವನ್ನು ನಟನೆಯ ಡಿಗ್ರಿಯ ಜೊತೆ ಹೋಲಿಸಬೇಡಿ. ಬಿಎಯನ್ನು ಬಿಎ ಜೊತೆ, ಬಿಎಫ್‌ಎಯನ್ನು ಬಿಎಫ್‌ಎ ಜೊತೆ ಇಟ್ಟು ನೋಡಿ. ಎರಡೂ ಓಕೆ ಅನ್ನುವವರು ಎರಡು ಬೇರೆ ಪಟ್ಟಿ ಮಾಡಿಕೊಳ್ಳಿ.

2. ಬೋರ್ಡಿನ ಮೇಲಿನ ಬೆಲೆ ನೋಡಿ ಹೆದರಬೇಡಿ, ಖುಷಿಯನ್ನೂ ಪಡಬೇಡಿ

ಕಾಲೇಜ್ ಬೋರ್ಡ್ ಅನ್ನುವ ಸಂಸ್ಥೆ ಪ್ರಕಟಿಸಿದ 2024-25ರ ಸರಾಸರಿ ಟ್ಯೂಷನ್ (ಪಾಠಕ್ಕೆ ಕಾಲೇಜು ತೆಗೆದುಕೊಳ್ಳುವ ಶುಲ್ಕ) ಮತ್ತು ಫೀಸು ಹೀಗಿತ್ತು. ಸರ್ಕಾರಿ ನಾಲ್ಕು ವರ್ಷದ ಕಾಲೇಜಿನಲ್ಲಿ ಆ ರಾಜ್ಯದವರಿಗೆ 11,610 ಡಾಲರ್. ಹೊರರಾಜ್ಯದವರಿಗೆ 30,780. ಖಾಸಗಿ ಲಾಭರಹಿತ ಕಾಲೇಜಿನಲ್ಲಿ 43,350. ಇದು ಬರೀ ಟ್ಯೂಷನ್ ಮತ್ತು ಫೀಸು. ರೂಮು, ಊಟ, ಇನ್ಶೂರೆನ್ಸ್, ಪುಸ್ತಕ ಬೇರೆ. ಎಲ್ಲ ಸೇರಿದರೆ ದೊಡ್ಡ ನಗರಗಳ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ವರ್ಷಕ್ಕೆ 80,000 ದಾಟುತ್ತದೆ, ಕೆಲವು ಕಡೆ 90,000 ಕೂಡ.

ಆದರೆ ಕಾಲೇಜು ಹೊರಗೆ ಹೇಳುವ ಈ ಬೆಲೆಯನ್ನು ಎಲ್ಲರೂ ಕಟ್ಟುವುದಿಲ್ಲ. ನಿಮಗೆ ಬೇಕಾದ ಸಂಖ್ಯೆ ನೆಟ್ ಪ್ರೈಸ್. ಅಂದರೆ ಒಟ್ಟು ಖರ್ಚಿನಲ್ಲಿ ವಾಪಸ್ ಕೊಡಬೇಕಿಲ್ಲದ ನೆರವನ್ನು ಮಾತ್ರ ಕಳೆದು ಉಳಿದದ್ದು. 2011ರ ಅಕ್ಟೋಬರ್‌ನಿಂದ ಫೆಡರಲ್ (ಕೇಂದ್ರ ಸರ್ಕಾರದ) ನೆರವು ಪಡೆಯುವ ಪ್ರತಿ ಕಾಲೇಜೂ ತನ್ನ ವೆಬ್‌ಸೈಟ್‌ನಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇಡಲೇಬೇಕು. ಮನೆಯ ಆದಾಯ, ಉಳಿತಾಯ ಹಾಕಿದರೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಒಂದು ಅಂದಾಜು ಬರುತ್ತದೆ. ಅರ್ಜಿ ಹಾಕುವ ಮುಂಚೆಯೇ ಇದನ್ನು ಮಾಡಿ. ಸುಮ್ನೆ ಕುಳಿತು ಊಹೆ ಮಾಡುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಇಲ್ಲಿ ಕೆಲವು ಆಶ್ಚರ್ಯ ಕಾದಿರುತ್ತವೆ. ನಾರ್ತ್‌ವೆಸ್ಟರ್ನ್, ಯೇಲ್, ಬ್ರೌನ್ ಥರದ ಕಾಲೇಜುಗಳು ಮನೆಯ ಆರ್ಥಿಕ ಅಗತ್ಯ ಎಷ್ಟಿದೆಯೋ ಅಷ್ಟನ್ನೂ ತುಂಬಿಕೊಡುತ್ತವೆ. ಆದಾಯ ಕಡಿಮೆ ಇರುವ ಮನೆಗೆ ಅಂಥ ಕಾಲೇಜು ಪಕ್ಕದ ಸರ್ಕಾರಿ ಕಾಲೇಜಿಗಿಂತ ಅಗ್ಗ ಆಗಬಹುದು. ಮಧ್ಯಮ ಆದಾಯದ ಮನೆಗೆ ಲೆಕ್ಕ ಸಾಮಾನ್ಯವಾಗಿ ಉಲ್ಟಾ.

ಸರ್ಕಾರಿ ಕಾಲೇಜು ಅಂದರೆ ಎರಡನೇ ದರ್ಜೆ ಅಂದುಕೊಳ್ಳಬೇಡಿ. ನಾರ್ತ್ ಕೆರೊಲಿನಾದ ಕಲಾಶಾಲೆ ಯುಎನ್‌ಸಿಎಸ್‌ಎ, ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದ ಸೂನಿ ಪರ್ಚೇಸ್ ಎರಡೂ ಸರ್ಕಾರಿ ಸಂಸ್ಥೆಗಳು. ನಾಟಕದಲ್ಲಿ ಎರಡಕ್ಕೂ ಒಳ್ಳೆಯ ಹೆಸರಿದೆ. ಯುಎನ್‌ಸಿಎಸ್‌ಎಯಲ್ಲಿ ಆ ರಾಜ್ಯದವರಿಗೆ ವರ್ಷದ ಟ್ಯೂಷನ್ 10,000 ಡಾಲರ್ ಒಳಗೇ ಇದೆ.

ಹೊರರಾಜ್ಯಕ್ಕೆ ಹೋಗಲೇಬೇಕಾದರೆ ವಿನಿಮಯ ಯೋಜನೆಗಳನ್ನು ಹುಡುಕಿ. ಪಶ್ಚಿಮದ ರಾಜ್ಯಗಳಲ್ಲಿ ವೆಸ್ಟರ್ನ್ ಅಂಡರ್‌ಗ್ರಾಜುಯೇಟ್ ಎಕ್ಸ್‌ಚೇಂಜ್ ಇದೆ. ಅದರಲ್ಲಿ ಸ್ಥಳೀಯರ ಟ್ಯೂಷನ್‌ನ ಒಂದೂವರೆ ಪಟ್ಟಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಅಕಾಡೆಮಿಕ್ ಕಾಮನ್ ಮಾರ್ಕೆಟ್ ಇದೆ. ನಿಮ್ಮ ರಾಜ್ಯದಲ್ಲಿ ಇಲ್ಲದ ಕೋರ್ಸನ್ನು ಇನ್ನೊಂದು ರಾಜ್ಯದಲ್ಲಿ ಸ್ಥಳೀಯರ ದರದಲ್ಲೇ ಓದಲು ಅದು ದಾರಿ ಮಾಡುತ್ತದೆ. ಎಲ್ಲ ಕಾಲೇಜೂ ಎಲ್ಲ ಕೋರ್ಸನ್ನೂ ಇದರಲ್ಲಿ ಸೇರಿಸುವುದಿಲ್ಲ. ಥಿಯೇಟರ್ ಸೇರಿದೆಯೇ ಅಂತ ಕೇಳಿಯೇ ಮುಂದುವರಿಯಿರಿ.

ವೀಸಾದ ಬಗ್ಗೆ ಒಂದು ಮಾತು. ಎಚ್-4 (ಕೆಲಸದ ವೀಸಾದವರ ಮನೆಮಂದಿಯ ವೀಸಾ) ಅಥವಾ ಎಫ್-1 (ವಿದ್ಯಾರ್ಥಿ ವೀಸಾ) ವೀಸಾದಲ್ಲಿರುವ ವಿದ್ಯಾರ್ಥಿಗೆ ಫೆಡರಲ್ ನೆರವು, ಫೆಡರಲ್ ಸಾಲ ಸಿಗುವುದಿಲ್ಲ. ವಿದ್ಯಾರ್ಥಿ ಅಮೆರಿಕದ ಪ್ರಜೆಯಾಗಿದ್ದು ಅಪ್ಪ ಅಮ್ಮ ವೀಸಾದಲ್ಲಿದ್ದರೆ ತೊಂದರೆ ಇಲ್ಲ, ಸಿಗುತ್ತದೆ.

3. ನೆರವಿನ ಪತ್ರವನ್ನು ಬಿಡಿಸಿ ಓದಿ

ನಮಗೆ ಬಂದ ಒಂದು ಪತ್ರದಲ್ಲಿ "ನಿಮಗೆ ನೀಡಲಾದ ನೆರವು" ಅನ್ನುವ ಸಾಲಿನ ಕೆಳಗೆ ಐದು ಮೊತ್ತಗಳಿದ್ದವು. ಎಲ್ಲ ಕೂಡಿಸಿ ದಪ್ಪ ಅಕ್ಷರದಲ್ಲಿ ಒಂದು ದೊಡ್ಡ ಸಂಖ್ಯೆ. ಖುಷಿಯಾಯಿತು. ಮತ್ತೆ ಓದಿದಾಗ ಕಂಡದ್ದು ಬೇರೆ. ಐದರಲ್ಲಿ ಎರಡು ಮಗಳ ಹೆಸರಿನ ಸಾಲ. ಒಂದು ಅಪ್ಪ ಅಮ್ಮ ತೆಗೆದುಕೊಳ್ಳಬೇಕಾದ ಪ್ಲಸ್ ಸಾಲ. ಇನ್ನೊಂದು ವರ್ಕ್-ಸ್ಟಡಿ, ಅಂದರೆ ಕ್ಯಾಂಪಸ್‌ನಲ್ಲಿ ದುಡಿದು ಸಂಪಾದಿಸಿಕೊಳ್ಳಬೇಕಾದ ದುಡ್ಡು. ನಿಜವಾದ ನೆರವು ಒಂದೇ ಒಂದು ಸಾಲಿನಲ್ಲಿತ್ತು. ಸಾಲವನ್ನು ಉಡುಗೊರೆಯ ಪಕ್ಕದಲ್ಲಿ ಕೂರಿಸಿದ್ದು ನನಗೆ ಇವತ್ತಿಗೂ ಬೇಜಾರು. ಹದಿನೇಳರ ಮಗು ಅದನ್ನು ಓದಿ ಏನು ತಿಳಿಯಬೇಕು?

ಇದು ನಮ್ಮೊಬ್ಬರ ಕಥೆ ಅಲ್ಲ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2022ರಲ್ಲಿ ಇಂಥ ಪತ್ರಗಳನ್ನು ಪರೀಕ್ಷಿಸಿತು. ಸುಮಾರು ಶೇ. 91ರಷ್ಟು ಕಾಲೇಜುಗಳು ನೆಟ್ ಪ್ರೈಸನ್ನು ಹೇಳುವುದೇ ಇಲ್ಲ, ಇಲ್ಲವೇ ಕಡಿಮೆ ಮಾಡಿ ತೋರಿಸುತ್ತವೆ ಅಂತ ವರದಿ ಕೊಟ್ಟಿತು.

ಹಾಗಾಗಿ ಪತ್ರ ಬಂದ ತಕ್ಷಣ ಕೆಂಪು ಪೆನ್ನು ತೆಗೆದುಕೊಳ್ಳಿ. ಸಾಲ ಅಂತ ಇರುವ ಪ್ರತಿ ಸಾಲನ್ನೂ ಹೊಡೆದುಹಾಕಿ. ವರ್ಕ್-ಸ್ಟಡಿಯನ್ನೂ ಹೊಡೆದುಹಾಕಿ. ಉಳಿದದ್ದನ್ನು ಒಟ್ಟು ಖರ್ಚಿನಿಂದ ಕಳೆಯಿರಿ. ಆಮೇಲೆ ನಾಲ್ಕು ವರ್ಷಕ್ಕೆ ಎಳೆಯಿರಿ. ಫೀಸು ವರ್ಷ ವರ್ಷ ಏರುತ್ತದೆ, ಸ್ಕಾಲರ್‌ಶಿಪ್ ಸಾಮಾನ್ಯವಾಗಿ ನಿಂತಲ್ಲೇ ನಿಲ್ಲುತ್ತದೆ.

ನಮ್ಮ ಲೆಕ್ಕವನ್ನೇ ದುಂಡು ಸಂಖ್ಯೆಯಲ್ಲಿ ತೋರಿಸುತ್ತೇನೆ. ಮೊದಲ ಕಾಲೇಜಿನ ವರ್ಷದ ಒಟ್ಟು ಖರ್ಚು 84,000. ಸ್ಕಾಲರ್‌ಶಿಪ್ 40,000. ಖರ್ಚು ವರ್ಷಕ್ಕೆ ಶೇ. 4 ಏರುತ್ತದೆ ಅಂತ ಇಟ್ಟುಕೊಳ್ಳಿ. 84,000 ನಾಲ್ಕನೇ ವರ್ಷಕ್ಕೆ 94,500ರ ಹತ್ತಿರ ಬರುತ್ತದೆ. ನಾಲ್ಕೂ ವರ್ಷ ಕೂಡಿಸಿದರೆ ಸುಮಾರು 3,56,700. ಅದರಲ್ಲಿ 1,60,000 ಕಳೆದರೆ ನಾವು ಕಟ್ಟಬೇಕಾದದ್ದು 1,96,700. ಎರಡನೇ ಕಾಲೇಜು ಸರ್ಕಾರಿ. ವರ್ಷಕ್ಕೆ 30,000, ಸ್ಕಾಲರ್‌ಶಿಪ್ 4,000. ಅದೇ ಶೇ. 4 ಏರಿಕೆಯಲ್ಲಿ ನಾಲ್ಕು ವರ್ಷಕ್ಕೆ 1,27,400. ಅದರಲ್ಲಿ 16,000 ಕಳೆದರೆ 1,11,400. ಅಲ್ಲಿಗೆ ವ್ಯತ್ಯಾಸ 85,300. ಮೊದಲ ವರ್ಷವನ್ನು ಮಾತ್ರ ನೋಡಿ ನಾಲ್ಕರಿಂದ ಗುಣಿಸಿದ್ದರೆ 72,000 ಅಂತ ಬರುತ್ತಿತ್ತು. ನಿಂತಲ್ಲೇ ನಿಂತ ಸ್ಕಾಲರ್‌ಶಿಪ್ ಮತ್ತು ಏರುವ ಫೀಸು ಸೇರಿ ಇನ್ನೊಂದು 13,000 ತಿಂದುಹಾಕುತ್ತವೆ.

ನಾಟಕದ ಮಕ್ಕಳಿಗೆ ಇಲ್ಲಿ ಇನ್ನೊಂದು ಗುಂಡಿ ಇದೆ. ಅವರಿಗೆ ಸಿಗುವ ಸ್ಕಾಲರ್‌ಶಿಪ್‌ನಲ್ಲಿ ಒಂದು ಭಾಗ ಟ್ಯಾಲೆಂಟ್ ಸ್ಕಾಲರ್‌ಶಿಪ್ ಆಗಿರುತ್ತದೆ. ಅದು ಡಿಪಾರ್ಟ್‌ಮೆಂಟಿನಿಂದ ಬರುವಂಥದ್ದು. ಎರಡನೇ ವರ್ಷದಲ್ಲಿ ಮಗು ಬಿಎಫ್‌ಎ ಬಿಟ್ಟು ಬಿಎಗೆ ಬದಲಾದರೆ, ಅಥವಾ ಸೈಕಾಲಜಿಗೆ ಹೋದರೆ, ಅದು ನಿಂತುಹೋಗಬಹುದು. ಅಂಕ ಇಷ್ಟಕ್ಕಿಂತ ಕಡಿಮೆಯಾದರೆ ನಿಲ್ಲುತ್ತದೆ ಅನ್ನುವ ಷರತ್ತೂ ಇರುತ್ತದೆ. ಮೇಜರ್ ಬದಲಿಸಿದರೆ ಎಷ್ಟು ಉಳಿಯುತ್ತದೆ ಅಂತ ಇಮೇಲ್‌ನಲ್ಲೇ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ.

4. ಪಟ್ಟಿಯಲ್ಲಿ ಬರೆಯದ ಖರ್ಚು

ಆಡಿಷನ್ ಖರ್ಚಿನಿಂದ ಶುರುವಾಗುತ್ತದೆ. ಅರ್ಜಿ ಫೀಸು, ಪ್ರೀಸ್ಕ್ರೀನ್ ವಿಡಿಯೋ (ಆಡಿಷನ್‌ಗೆ ಕರೆಯುವ ಮುಂಚೆ ಕೇಳುವ ವಿಡಿಯೋ) ಕಳಿಸಲು ಬೇರೆ ಫೀಸು, ಆಮೇಲೆ ಪ್ರಯಾಣ. ಜನವರಿ, ಫೆಬ್ರವರಿಯಲ್ಲಿ ನ್ಯೂಯಾರ್ಕ್, ಷಿಕಾಗೋ, ಲಾಸ್ ಏಂಜಲೀಸ್‌ನಲ್ಲಿ ಯೂನಿಫೈಡ್ ಆಡಿಷನ್‌ಗಳು ನಡೆಯುತ್ತವೆ. ಹತ್ತಾರು ಕಾಲೇಜುಗಳು ಒಂದೇ ಕಡೆ ಸೇರುತ್ತವೆ. ಪ್ರತಿ ಕಾಲೇಜಿಗೂ ಬೇರೆ ಬೇರೆ ವಿಮಾನ ಹತ್ತುವ ಬದಲು ಒಂದೇ ವಾರಾಂತ್ಯದಲ್ಲಿ ಐದಾರು ಮುಗಿಸಬಹುದು. ಹಣ ಉಳಿಸಲು ಇದು ನಿಜಕ್ಕೂ ಒಳ್ಳೆಯ ದಾರಿ. ಫೀಸು ಮನ್ನಾಕ್ಕೆ ಅರ್ಹತೆ ಇದ್ದರೆ ಸಂಕೋಚ ಬೇಡ, ಕೇಳಿ.

ಸೇರಿದ ಮೇಲೆ ಡಾನ್ಸ್ ಶೂ, ಮೇಕಪ್ ಕಿಟ್, ಮ್ಯೂಸಿಕಲ್ ಥಿಯೇಟರ್ ಆದರೆ ಒಬ್ಬೊಬ್ಬರಿಗೇ ಕೊಡುವ ಗಾಯನ ಪಾಠದ ಫೀಸು. ಕೊನೆಯ ವರ್ಷ ಹೆಡ್‌ಶಾಟ್ ಫೋಟೋ, ಶೋಕೇಸ್‌ಗೆ (ಏಜೆಂಟರ ಮುಂದೆ ಮಾಡಿ ತೋರಿಸುವ ಪ್ರದರ್ಶನ) ನ್ಯೂಯಾರ್ಕ್ ಅಥವಾ ಲಾಸ್ ಏಂಜಲೀಸ್ ಪ್ರಯಾಣ. ಶೋಕೇಸ್ ಖರ್ಚನ್ನು ಕಾಲೇಜು ಕೊಡುತ್ತದೋ ಮಕ್ಕಳು ಕೊಡಬೇಕೋ ಅಂತ ಕೇಳಿಕೊಳ್ಳಿ.

ಇವೆಲ್ಲಕ್ಕಿಂತ ದೊಡ್ಡ ಖರ್ಚು ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಸಂಜೆ ಹೊತ್ತು. ಬಿಎಫ್‌ಎ ಮಗುವಿಗೆ ಹಗಲೆಲ್ಲ ಕ್ಲಾಸು, ರಾತ್ರಿ ಹತ್ತರವರೆಗೆ ರಿಹರ್ಸಲ್. ಹೋಟೆಲಿನಲ್ಲಿ, ಅಂಗಡಿಯಲ್ಲಿ ಸಂಜೆ ಕೆಲಸ ಮಾಡಿ ಕೈಖರ್ಚು ದುಡಿಯುತ್ತೇನೆ ಅಂದರೆ ಆಗುವುದಿಲ್ಲ. ಬೇರೆ ಮೇಜರ್‌ನ ಮಕ್ಕಳು ದುಡಿಯುವ ಆ ಕೆಲವು ಸಾವಿರ ಡಾಲರ್ ಇಲ್ಲಿ ಇರುವುದಿಲ್ಲ. ಬಜೆಟ್ ಹಾಕುವಾಗ ಇದನ್ನು ಸೇರಿಸಿ. ಇದಕ್ಕೊಂದು ಒಳ್ಳೆಯ ಪರಿಹಾರವೂ ಇದೆ. ಡಿಪಾರ್ಟ್‌ಮೆಂಟಿನ ಸೀನ್ ಶಾಪ್ (ರಂಗಸಜ್ಜಿಕೆ ಕಟ್ಟುವ ಜಾಗ), ಕಾಸ್ಟ್ಯೂಮ್ ಶಾಪ್, ಟಿಕೆಟ್ ಮಾರುವ ಬಾಕ್ಸ್ ಆಫೀಸಿನಲ್ಲಿ ವಿದ್ಯಾರ್ಥಿಗಳಿಗೆ ಕೆಲಸ ಕೊಡುತ್ತಾರೆ. ಸಮಯ ಕ್ಲಾಸಿಗೆ ಹೊಂದಿಕೊಂಡೇ ಇರುತ್ತದೆ. ಮರ ಕೊಯ್ಯುವುದು, ಲೈಟು ಕಟ್ಟುವುದು, ಹೊಲಿಗೆ ಎಲ್ಲ ಕೈಗೆ ಹತ್ತುತ್ತದೆ. ಡಿಗ್ರಿ ಮುಗಿದ ಮೇಲೆ ಮೊದಲ ಬಾಡಿಗೆ ಕಟ್ಟುವುದು ಎಷ್ಟೋ ಸಲ ಈ ಕಸುಬೇ.

ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ (ಕಡಿಮೆ ಫೀಸಿನ ಸ್ಥಳೀಯ ಕಾಲೇಜು) ಓದಿ ಆಮೇಲೆ ನಾಲ್ಕು ವರ್ಷದ ಕಾಲೇಜಿಗೆ ಬದಲಾದರೆ ಅರ್ಧ ಖರ್ಚು ಉಳಿಯುತ್ತದೆ ಅನ್ನುವ ಸಲಹೆ ಎಲ್ಲೆಡೆ ಕೇಳುತ್ತದೆ. ಬಿಎಗೆ ಅದು ಸರಿ. ಬಿಎಫ್‌ಎಗೆ ಹುಷಾರು. ನಟನೆಯ ತರಬೇತಿ ನಾಲ್ಕು ವರ್ಷದ ಏಣಿ. ಎಷ್ಟೋ ಕಡೆ ಹೊರಗಿನಿಂದ ಬಂದವರನ್ನು ಮತ್ತೆ ಮೊದಲ ಮೆಟ್ಟಿಲಿನಲ್ಲೇ ನಿಲ್ಲಿಸುತ್ತಾರೆ. ಆಗ ಓದು ಆರು ವರ್ಷ ಆಗುತ್ತದೆ, ಉಳಿತಾಯ ಹೋಗಿಬಿಡುತ್ತದೆ.

5. ಸಾಲವನ್ನು ತಿಂಗಳ ಕಂತಾಗಿ ಬರೆಯಿರಿ

ಒಟ್ಟು ಸಾಲದ ಮೊತ್ತ ಮನಸ್ಸಿಗೆ ತಟ್ಟುವುದಿಲ್ಲ. ತಿಂಗಳ ಕಂತು ತಟ್ಟುತ್ತದೆ.

ಅಪ್ಪ ಅಮ್ಮನ ಮೇಲೆ ಅವಲಂಬಿತ ವಿದ್ಯಾರ್ಥಿ ಫೆಡರಲ್ ಡೈರೆಕ್ಟ್ ಸಾಲವಾಗಿ ಮೊದಲ ವರ್ಷ 5,500, ಎರಡನೇ ವರ್ಷ 6,500, ಮೂರು ನಾಲ್ಕನೇ ವರ್ಷ ತಲಾ 7,500 ಡಾಲರ್ ತೆಗೆದುಕೊಳ್ಳಬಹುದು. ಒಟ್ಟು 27,000. ಶೇ. 6.5 ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ತೀರಿಸಿದರೆ ತಿಂಗಳಿಗೆ ಸುಮಾರು 307 ಡಾಲರ್. ಕಷ್ಟ, ಆದರೆ ಉಸಿರಾಡಬಹುದು.

ಇದರ ಮೇಲೆ ಬೇಕಾದದ್ದು ಸಾಮಾನ್ಯವಾಗಿ ಪೇರೆಂಟ್ ಪ್ಲಸ್ ಸಾಲ. 2025ರ ಜುಲೈನಲ್ಲಿ ಬಂದ ಹೊಸ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವವರಿಗೆ ಇದಕ್ಕೆ ಮಿತಿ ಇದೆ. ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ 20,000, ಒಟ್ಟು 65,000. ಬಡ್ಡಿ ಶೇ. 9ರ ಆಸುಪಾಸಿನಲ್ಲಿದೆ. ಪೂರ್ತಿ 65,000 ತೆಗೆದರೆ ಹತ್ತು ವರ್ಷ ತಿಂಗಳಿಗೆ ಸುಮಾರು 823 ಡಾಲರ್. ಎರಡೂ ಸಾಲ ಸೇರಿ 92,000. ತಿಂಗಳಿಗೆ 1,130. ನಮ್ಮ ಎರಡು ಪತ್ರಗಳ ನಡುವಿನ 85,000 ಹತ್ತಿರ ಹತ್ತಿರ ಇಷ್ಟೇ, ಅಲ್ವಾ? ಅಂದರೆ ಆ ದೊಡ್ಡ ಸ್ಕಾಲರ್‌ಶಿಪ್‌ನ ಕಾಲೇಜಿಗೆ ಹೋಗಿದ್ದರೆ ಹತ್ತು ವರ್ಷ ಪ್ರತಿ ತಿಂಗಳು ಸಾವಿರ ಡಾಲರ್ ಕಟ್ಟುವ ಮನೆ ನಮ್ಮದಾಗುತ್ತಿತ್ತು. ಇದನ್ನು ಮಗಳ ಎದುರಿಗೇ ಬರೆದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಾನು ಯಾವ ಸಣ್ಣ ಕಂಪನಿಗೂ ಹೋಗೋಕೇ ಆಗಲ್ಲ" ಅಂದಳು. ನಾನು ಹೇಳಬೇಕೆಂದಿದ್ದನ್ನು ಅವಳೇ ಹೇಳಿದಳು.

ಬ್ಯಾಂಕುಗಳ ಖಾಸಗಿ ಸಾಲವನ್ನು ನಾಟಕದ ಡಿಗ್ರಿಗೆ ನಾನಂತೂ ಸಲಹೆ ಮಾಡುವುದಿಲ್ಲ. ಆದಾಯಕ್ಕೆ ತಕ್ಕಂತೆ ಕಂತು ಇಳಿಸುವ ಫೆಡರಲ್ ಅನುಕೂಲ ಅದರಲ್ಲಿ ಇರುವುದಿಲ್ಲ. ನಟನೆಯಂಥ ಏರಿಳಿತದ ಕೆಲಸಕ್ಕೆ ಅದೇ ತಾನೇ ಮುಖ್ಯ?

6. ಫಲವನ್ನು ಅಳೆಯುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಕಾಲೇಜುಗಳು ಜಾಣತನ ತೋರಿಸುವುದು ಇಲ್ಲೇ.

ಫಲ ಅಂದ ತಕ್ಷಣ ಕಾಲೇಜು ಮುಂದಿಡುವುದು ಹೆಸರಾಂತ ಹಳೆಯ ವಿದ್ಯಾರ್ಥಿಗಳ ಫೋಟೋ. ಮೂವತ್ತು ವರ್ಷದಲ್ಲಿ ಸಾವಿರಾರು ಜನ ಓದಿ ಹೋದ ಕಡೆ ನಾಲ್ಕು ಫೋಟೋ. ಅದನ್ನು ಪಕ್ಕಕ್ಕಿಡಿ.

ಅಮೆರಿಕದ ಶಿಕ್ಷಣ ಇಲಾಖೆಯ ಕಾಲೇಜ್ ಸ್ಕೋರ್‌ಕಾರ್ಡ್ ವೆಬ್‌ಸೈಟ್ ತೆಗೆಯಿರಿ. ಕಾಲೇಜಿನ ಹೆಸರು ಹಾಕಿ, "ಡ್ರಾಮಾ/ಥಿಯೇಟರ್ ಆರ್ಟ್ಸ್ ಅಂಡ್ ಸ್ಟೇಜ್‌ಕ್ರಾಫ್ಟ್" ಅನ್ನುವ ವಿಭಾಗ ಹುಡುಕಿ. ಓದು ಮುಗಿದು ಕೆಲವು ವರ್ಷದ ಮೇಲಿನ ಮಧ್ಯಮ ಆದಾಯ (ಎಲ್ಲರನ್ನೂ ಆದಾಯದ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವೆ ಬರುವವರದ್ದು), ಅದೇ ಥರ ಮಧ್ಯಮ ಸಾಲ ಕಾಣುತ್ತದೆ. ಉಪಯೋಗದ ಮಾಹಿತಿ. ಆದರೆ ಓದುವಾಗ ಮೂರು ವಿಷಯ ನೆನಪಿರಲಿ. ಮೊದಲನೆಯದು, ಇದರಲ್ಲಿ ಫೆಡರಲ್ ನೆರವು ಪಡೆದವರ ಆದಾಯ ಮಾತ್ರ ಸೇರಿದೆ. ಎರಡನೆಯದು, ಸಣ್ಣ ಕೋರ್ಸುಗಳ ಸಂಖ್ಯೆಯನ್ನು ಖಾಸಗಿತನಕ್ಕಾಗಿ ಮುಚ್ಚಿಡುತ್ತಾರೆ, ಖಾಲಿ ಜಾಗ ಕಂಡರೆ ಕೆಟ್ಟದ್ದು ಅಂತ ತಿಳಿಯಬೇಡಿ. ಮೂರನೆಯದು ಮುಖ್ಯ. ಆ ಒಂದು ವಿಭಾಗದೊಳಗೆ ನಟರು, ಮ್ಯೂಸಿಕಲ್ ಥಿಯೇಟರ್‌ನವರು, ಲೈಟಿಂಗ್ ಮತ್ತು ರಂಗಸಜ್ಜಿಕೆಯವರು ಎಲ್ಲ ಒಟ್ಟಿಗೆ ಇದ್ದಾರೆ. ತಂತ್ರಜ್ಞರು ಜಾಸ್ತಿ ಇರುವ ಕಾಲೇಜಿನ ಮಧ್ಯಮ ಆದಾಯ ತಾನಾಗಿಯೇ ಮೇಲಿರಬಹುದು. ಅದನ್ನು ನೋಡಿ "ಇಲ್ಲಿ ನಟರಿಗೆ ಒಳ್ಳೆಯ ಸಂಪಾದನೆ" ಅಂದುಕೊಂಡರೆ ತಪ್ಪು.

ಕಾರ್ಮಿಕ ಅಂಕಿಅಂಶ ಇಲಾಖೆ ನಟರಿಗೆ ವಾರ್ಷಿಕ ಸಂಬಳವನ್ನು ಪ್ರಕಟಿಸುವುದೇ ಇಲ್ಲ. ಗಂಟೆಯ ಲೆಕ್ಕ ಮಾತ್ರ ಕೊಡುತ್ತದೆ. ವರ್ಷವಿಡೀ ಕೆಲಸ ಇರುವುದಿಲ್ಲ ಅನ್ನುವುದೇ ಕಾರಣ. ಗಂಟೆಯ ದರವನ್ನು 2,080 ಗಂಟೆಯಿಂದ ಗುಣಿಸಿ ವರ್ಷದ ಸಂಬಳ ಅಂತ ತೋರಿಸುವವರ ಮಾತು ನಂಬಬೇಡಿ.

ಈಗ ಸಂಪಾದನೆಯ ಲೆಕ್ಕಕ್ಕೆ ಇನ್ನೊಂದು ಕಾರಣವೂ ಸೇರಿದೆ. ಅದೇ 2025ರ ಕಾನೂನು ಒಂದು ಪರೀಕ್ಷೆ ಇಟ್ಟಿದೆ. ಡಿಗ್ರಿ ಮುಗಿಸಿದವರ ನಾಲ್ಕು ವರ್ಷದ ನಂತರದ ಮಧ್ಯಮ ಆದಾಯ, ಬರೀ ಹೈಸ್ಕೂಲ್ ಓದಿದ 25ರಿಂದ 34 ವಯಸ್ಸಿನ ದುಡಿಯುವವರ ಮಧ್ಯಮ ಆದಾಯಕ್ಕಿಂತ ಕಡಿಮೆ ಇರಬಾರದು. ಮೂರರಲ್ಲಿ ಎರಡು ವರ್ಷ ಕಡಿಮೆ ಇದ್ದರೆ ಆ ಕೋರ್ಸಿಗೆ ಫೆಡರಲ್ ಸಾಲ ನಿಲ್ಲುತ್ತದೆ. ನಾಟಕದ ಕೋರ್ಸುಗಳಿಗೆ ಇದು ನಿಜವಾದ ಆತಂಕ. "ಈ ಪರೀಕ್ಷೆಯಲ್ಲಿ ನಿಮ್ಮ ಕೋರ್ಸ್ ಎಲ್ಲಿ ನಿಲ್ಲುತ್ತದೆ?" ಅಂತ ಅಡ್ಮಿಷನ್ ಆಫೀಸಿನಲ್ಲಿ ನೇರವಾಗಿ ಕೇಳಿ.

ಸರ್ಕಾರಿ ಅಂಕಿಗಿಂತ ನನಗೆ ಜಾಸ್ತಿ ಕಲಿಸಿದ್ದು ಒಂದು ನಾಟಕದ ಹಳೆಯ ಬ್ರೋಶರ್. ಒಂದು ಡಿಪಾರ್ಟ್‌ಮೆಂಟಿನ ವೆಬ್‌ಸೈಟಿನಲ್ಲಿ ಹಿಂದಿನ ವರ್ಷಗಳ ನಾಟಕಗಳ ಪುಟ ಇತ್ತು. ಏಳು ವರ್ಷ ಹಿಂದಿನ ಒಂದು ನಾಟಕದ ಬ್ರೋಶರ್ ತೆಗೆದೆ. ಪಾತ್ರವರ್ಗದ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ ಸ್ಟೇಜ್ ಮ್ಯಾನೇಜರ್, ಲೈಟ್, ಸೌಂಡ್, ವೇಷಭೂಷಣದವರ ಹೆಸರು. ಒಂದೊಂದೇ ಹೆಸರು ಹುಡುಕುತ್ತಾ ಒಂದು ಸಂಜೆ ಕಳೆದೆ. ನಟರಲ್ಲಿ ಇಬ್ಬರು ಮೂವರು ಈಗಲೂ ರಂಗದ ಮೇಲಿದ್ದರು. ಒಬ್ಬರು ಶಾಲೆಯಲ್ಲಿ ನಾಟಕ ಕಲಿಸುತ್ತಿದ್ದರು. ಒಬ್ಬರು ಲಾಯರ್. ಕೆಲವರು ಕಚೇರಿ ಕೆಲಸದಲ್ಲಿದ್ದು ವಾರಾಂತ್ಯ ನಾಟಕ ಮಾಡುತ್ತಿದ್ದರು. ಸಣ್ಣ ಅಕ್ಷರದ ಹೆಸರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅದೇ ಕಸುಬಿನಲ್ಲಿ ಇದ್ದರು. ಒಬ್ಬರು ಕ್ರೂಸ್ ಹಡಗಿನ ಲೈಟಿಂಗ್, ಇನ್ನೊಬ್ಬರು ಒಂದು ದೊಡ್ಡ ರಂಗಮಂದಿರದಲ್ಲಿ ಸ್ಟೇಜ್ ಮ್ಯಾನೇಜರ್. ಒಂದೇ ನಾಟಕದಿಂದ ತೀರ್ಪು ಕೊಡಬಾರದು, ನಿಜ. ಹಾಗಾಗಿ ಪ್ರತಿ ಕಾಲೇಜಿಗೆ ಬೇರೆ ಬೇರೆ ವರ್ಷದ ಮೂರು ನಾಟಕ ತೆಗೆದುಕೊಳ್ಳಿ. ಲಿಂಕ್ಡ್‌ಇನ್‌ನಲ್ಲಿ ಕಾಲೇಜಿನ ಪುಟಕ್ಕೆ ಹೋಗಿ ಹಳೆಯ ವಿದ್ಯಾರ್ಥಿಗಳ ವಿಭಾಗದಲ್ಲಿ ಓದಿದ ವಿಷಯ ಥಿಯೇಟರ್ ಅಂತ ಆಯ್ದುಕೊಂಡರೂ ಇಂಥದ್ದೇ ಚಿತ್ರ ಸಿಗುತ್ತದೆ.

ಇದನ್ನೇ ಉಲ್ಟಾ ದಿಕ್ಕಿನಿಂದಲೂ ಮಾಡಬಹುದು. ಮಗು ಯಾವ ಊರಿನಲ್ಲಿ ಕೆಲಸ ಮಾಡಲು ಆಸೆಪಡುತ್ತದೋ ಆ ಊರಿನ ನಾಲ್ಕೈದು ನಾಟಕ ಕಂಪನಿಗಳ ಈಗಿನ ಬ್ರೋಶರ್ ತೆಗೆದು, ಕಲಾವಿದರ ಪರಿಚಯ ಓದಿ. ಯಾವ ಕಾಲೇಜಿನ ಹೆಸರು ಮತ್ತೆ ಮತ್ತೆ ಬರುತ್ತದೆ ನೋಡಿ. ಷಿಕಾಗೋದಲ್ಲಿ ಬರುವ ಹೆಸರುಗಳೇ ಬೇರೆ, ಸಿಯಾಟಲ್‌ನಲ್ಲಿ ಬರುವವೇ ಬೇರೆ.

7. ಭೇಟಿಗೆ ಹೋದಾಗ ಕೇಳಬೇಕಾದದ್ದು

ಕಾಲೇಜ್ ನ್ಯಾವಿಗೇಟರ್ ಅನ್ನುವ ಸರ್ಕಾರಿ ಸೈಟಿನಲ್ಲಿ ಯಾವ ಕೋರ್ಸಿನಲ್ಲಿ ವರ್ಷಕ್ಕೆ ಎಷ್ಟು ಜನ ಡಿಗ್ರಿ ಪಡೆದರು ಅಂತ ಇರುತ್ತದೆ. ಅದನ್ನು ಬರೆದುಕೊಂಡು ಹೋಗಿ. ಮೊದಲ ವರ್ಷ 30 ಜನ ಸೇರುತ್ತಾರೆ ಅಂದು, ಡಿಗ್ರಿ ಪಡೆದವರು 14 ಅಂತ ಇದ್ದರೆ, ಉಳಿದವರು ಎಲ್ಲಿ ಹೋದರು ಅಂತ ಕೇಳಲೇಬೇಕು. ಕೆಲವು ಬಿಎಫ್‌ಎ ಕೋರ್ಸುಗಳಲ್ಲಿ ಮೊದಲ ಅಥವಾ ಎರಡನೇ ವರ್ಷದ ಕೊನೆಗೆ ಮಕ್ಕಳನ್ನು ಹೊರಹಾಕುವ ಪದ್ಧತಿ ಇದೆ. ಕಟ್ ಅನ್ನುತ್ತಾರೆ. ಎರಡು ವರ್ಷದ ಫೀಸು ಕಟ್ಟಿದ ಮೇಲೆ ಹೊರಬಿದ್ದರೆ ಲೆಕ್ಕವೆಲ್ಲ ತಲೆಕೆಳಗು.

ಎಂಎಫ್‌ಎ ವಿದ್ಯಾರ್ಥಿಗಳೂ ಇರುವ ಕಡೆ ದೊಡ್ಡ ಪಾತ್ರಗಳು ಯಾರಿಗೆ ಹೋಗುತ್ತವೆ? ನಾಲ್ಕು ವರ್ಷದಲ್ಲಿ ಒಬ್ಬ ಸಾಧಾರಣ ವಿದ್ಯಾರ್ಥಿಗೆ ಎಷ್ಟು ಸಲ ಮುಖ್ಯ ರಂಗದ ಮೇಲೆ ನಿಲ್ಲಲು ಸಿಗುತ್ತದೆ? ಅತ್ಯುತ್ತಮ ವಿದ್ಯಾರ್ಥಿಯ ಬಗ್ಗೆ ಕೇಳಬೇಡಿ, ಸಾಧಾರಣ ವಿದ್ಯಾರ್ಥಿಯ ಬಗ್ಗೆ ಕೇಳಿ. ಮತ್ತೆ ಪಕ್ಕದಲ್ಲಿ ವೃತ್ತಿಪರ ರಂಗಮಂದಿರ ಇದೆಯೇ? ಸಿರಾಕ್ಯೂಸ್ ವಿಶ್ವವಿದ್ಯಾಲಯದ ಜೊತೆ ಸಿರಾಕ್ಯೂಸ್ ಸ್ಟೇಜ್ ಇದೆ, ಅಂಥ ನಂಟು ಇದ್ದರೆ ಮಕ್ಕಳು ವೃತ್ತಿಪರರ ಜೊತೆ ಕೆಲಸ ಮಾಡುತ್ತಾ ಕಲಿಯುತ್ತಾರೆ. ನಟರ ಯೂನಿಯನ್ ಆದ ಆಕ್ಟರ್ಸ್ ಈಕ್ವಿಟಿ ಅಸೋಸಿಯೇಷನ್ ನಡೆಸುವ ಸದಸ್ಯತ್ವದ ಅಭ್ಯರ್ಥಿ ಯೋಜನೆಗೆ ಓದುವಾಗಲೇ ಸೇರಲು ದಾರಿ ಇದೆಯೇ ಅಂತಲೂ ಕೇಳಿ.

ಕ್ಯಾಂಪಸ್ ಸುತ್ತಿಸಿ ತೋರಿಸುವ ವಿದ್ಯಾರ್ಥಿ ಚೆನ್ನಾಗಿ ಮಾತಾಡುತ್ತಾರೆ, ಅದು ಅವರ ಕೆಲಸ. ಸೀನ್ ಶಾಪ್‌ಗೆ ಹೋಗಿ ಅಲ್ಲಿ ಬಣ್ಣ ಬಳಿಯುತ್ತಿರುವ ಮೂರನೇ ವರ್ಷದ ಹುಡುಗಿಯನ್ನು ಮಾತಾಡಿಸಿ. ನಮಗೆ ನಿಜ ಗೊತ್ತಾದದ್ದು ಹಾಗೆ.

8. ಕಾಲೇಜು ನಾಲ್ಕು ವರ್ಷ ಉಳಿಯುತ್ತದೆಯೇ?

ಫಿಲಡೆಲ್ಫಿಯಾದ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್ 2024ರ ಜೂನ್ 7ರಂದು ಮುಚ್ಚಿತು. ಮುಚ್ಚುತ್ತೇವೆ ಅಂತ ಹೊರಗೆ ಗೊತ್ತಾದದ್ದು ಅದಕ್ಕೆ ಒಂದು ವಾರ ಮೊದಲು, ಮೇ 31ಕ್ಕೆ. ಅಲ್ಲಿ ನಾಟಕ ಓದುತ್ತಿದ್ದ ಮಕ್ಕಳು ಬೇಸಿಗೆಯಲ್ಲಿ ಹೊಸ ಕಾಲೇಜು ಹುಡುಕಿಕೊಂಡು ಓಡಬೇಕಾಯಿತು. ಸಿಯಾಟಲ್‌ನ ಕಾರ್ನಿಷ್ ಕಲಾ ಕಾಲೇಜು 2025ರಲ್ಲಿ ಸಿಯಾಟಲ್ ವಿಶ್ವವಿದ್ಯಾಲಯದ ಜೊತೆ ಸೇರಿತು. ಬರೀ ಕಲೆಗೇ ಮೀಸಲಾದ ಸಣ್ಣ ಖಾಸಗಿ ಕಾಲೇಜಿನಲ್ಲಿ ಸೀಟು ಸಿಕ್ಕಿದ್ದರೆ ಕಳೆದ ಮೂರು ವರ್ಷದಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಏರಿದೆಯೋ ಇಳಿದಿದೆಯೋ ನೋಡಿ. ಕಾಲೇಜಿಗೆ ಮಾನ್ಯತೆ ಕೊಡುವ ಅಕ್ರೆಡಿಟೇಶನ್ ಸಂಸ್ಥೆ ಎಚ್ಚರಿಕೆ ಕೊಟ್ಟಿದೆಯೇ ಅಂತ ಆ ಸಂಸ್ಥೆಯ ಸೈಟಿನಲ್ಲಿ ಹುಡುಕಿ. ಅರ್ಧ ಗಂಟೆಯ ಕೆಲಸ.

9. ದೊಡ್ಡ ಹೆಸರು ಬೇಕಾದರೆ ಅದನ್ನು ಎಂಎಫ್‌ಎಗೆ ಇಟ್ಟುಕೊಳ್ಳಿ

ಯೇಲ್‌ನ ನಾಟಕ ಶಾಲೆಗೆ 2021ರಲ್ಲಿ 15 ಕೋಟಿ ಡಾಲರ್ ದಾನ ಬಂತು. ಡೇವಿಡ್ ಗೆಫನ್ ಸ್ಕೂಲ್ ಆಫ್ ಡ್ರಾಮಾ ಅಂತ ಹೆಸರು ಬದಲಾಯಿತು. ಅಂದಿನಿಂದ ಅಲ್ಲಿ ಯಾರಿಗೂ ಟ್ಯೂಷನ್ ಇಲ್ಲ. ಜೂಲಿಯಾರ್ಡ್‌ನ ನಟನೆಯ ಎಂಎಫ್‌ಎ ಕೂಡ 2024ರಿಂದ ಟ್ಯೂಷನ್ ಇಲ್ಲದ್ದು. ಸೀಟು ಸಿಗುವುದು ತುಂಬಾ ಕಷ್ಟ, ಊಟ ಬಾಡಿಗೆಗೆ ದುಡ್ಡು ಬೇಕೇ ಬೇಕು. ಆದರೂ ಯೋಚನೆ ಮಾಡಿ. ಹದಿನೆಂಟರಲ್ಲಿ ದೊಡ್ಡ ಹೆಸರಿಗೆ ದೊಡ್ಡ ಸಾಲ ಮಾಡುವ ಬದಲು, ಕಡಿಮೆ ಖರ್ಚಿನಲ್ಲಿ ಬಿಎ ಮುಗಿಸಿ, ಕೆಲವು ವರ್ಷ ರಂಗದಲ್ಲಿ ದುಡಿದು, ಇಪ್ಪತ್ತೈದರಲ್ಲಿ ಇಂಥ ಕಡೆ ಪ್ರಯತ್ನ ಮಾಡಬಹುದು. ಟ್ಯೂಷನ್ ಇರುವ ಎಂಎಫ್‌ಎಗೆ ಸಾಲ ಮಾಡುವ ಯೋಚನೆ ಇದ್ದರೆ ಗಮನಿಸಿ, 2026ರ ಜುಲೈ 1ರಿಂದ ಹೊಸಬರಿಗೆ ಗ್ರಾಡ್ ಪ್ಲಸ್ (ಡಿಗ್ರಿಯ ನಂತರದ ಓದಿಗೆ ಕೊಡುತ್ತಿದ್ದ ಫೆಡರಲ್) ಸಾಲ ಇಲ್ಲ. ಫೆಡರಲ್ ಸಾಲ ವರ್ಷಕ್ಕೆ 20,500ಕ್ಕೆ ನಿಲ್ಲುತ್ತದೆ.

10. ಒಂದು ಹಾಳೆ, ಮತ್ತು ಒಂದು ಪತ್ರ

ಎಲ್ಲ ಸೇರಿ ಒಂದೇ ಹಾಳೆಯಲ್ಲಿ ಬರಲಿ. ಪ್ರತಿ ಕಾಲೇಜಿಗೆ ಒಂದು ಸಾಲು. ಡಿಗ್ರಿ ಯಾವುದು, ನಾಲ್ಕು ವರ್ಷದ ನೆಟ್ ಪ್ರೈಸ್, ತಿಂಗಳ ಕಂತು, ಸೇರಿದವರಲ್ಲಿ ಮುಗಿಸಿದವರು, ಬ್ರೋಶರ್‌ನ ಹೆಸರುಗಳು ಈಗ ಎಲ್ಲಿದ್ದಾರೆ. ಕೊನೆಯ ಕಾಲಮ್ಮನ್ನು ಮಗು ತಾನೇ ತುಂಬಲಿ: ಅಲ್ಲಿನ ಮೇಷ್ಟ್ರ ಕ್ಲಾಸಿನಲ್ಲಿ ಕೂತಾಗ ಏನನ್ನಿಸಿತು. ಅದಕ್ಕೆ ಸಂಖ್ಯೆ ಬೇಡ, ಆದರೆ ಹಾಳೆಯಲ್ಲಿ ಜಾಗ ಬೇಕು.

ಮನಸ್ಸಿಗೆ ಹಿಡಿದ ಕಾಲೇಜಿನ ಕಂತು ಜಾಸ್ತಿ ಇದ್ದರೆ ಬಿಟ್ಟುಬಿಡುವ ಮುಂಚೆ ಫೈನಾನ್ಷಿಯಲ್ ಏಡ್ ಆಫೀಸಿಗೆ ಬರೆಯಿರಿ. ಇನ್ನೊಂದು ಕಾಲೇಜಿನ ಪತ್ರದ ನಕಲು ಸೇರಿಸಿ. ಎಷ್ಟು ಕಡಿಮೆ ಬೀಳುತ್ತದೆ ಅಂತ ಸಂಖ್ಯೆಯಲ್ಲೇ ಹೇಳಿ. ಆದಾಯ ಇಳಿದಿದ್ದರೆ, ಆಸ್ಪತ್ರೆ ಖರ್ಚು ಬಂದಿದ್ದರೆ ದಾಖಲೆ ಕೊಡಿ. ನಾಟಕದ ಡಿಪಾರ್ಟ್‌ಮೆಂಟಿಗೂ ಬೇರೆಯಾಗಿ ಒಂದು ಇಮೇಲ್ ಹಾಕಿ. ಟ್ಯಾಲೆಂಟ್ ಸ್ಕಾಲರ್‌ಶಿಪ್ ಅವರ ಕೈಯಲ್ಲೇ ಇರುತ್ತದೆ, ಸೀಟು ಬೇಡ ಅಂದ ಮಕ್ಕಳ ಪಾಲು ಏಪ್ರಿಲ್‌ನಲ್ಲಿ ವಾಪಸ್ ಬರುತ್ತದೆ. ಹೆಚ್ಚಿನ ಕಾಲೇಜುಗಳಲ್ಲಿ ಡೆಪಾಸಿಟ್ ಕಟ್ಟಲು ಕೊನೆಯ ದಿನ ಮೇ 1. ಈ ಪತ್ರಗಳು ಏಪ್ರಿಲ್ ಮೊದಲ ವಾರವೇ ಹೋಗಲಿ, ಉತ್ತರ ಬರಲು ಎರಡು ಮೂರು ವಾರ ಬೇಕಾಗುತ್ತದೆ.